ಇಟ್ಟು ಬರ್ತೈತಾ?

ಆಡಿ ತಿಂಗಳ ಗಾಳಿಗೆ ಅರೆಯುವ ಅಮ್ಮಿಕಲ್ಲೂ ಹಾರುತ್ತದೆ ಎಂಬ ಮಾತನ್ನು ಭುವನಾ ಹುಟ್ಟಿದಾಗಿನಿಂದ ಕೇಳಿದ್ದಳು. ಅಮ್ಮಿಕಲ್ಲಿನ ಬಗ್ಗೆ ಅವಳಿಗೆ ಚಿಂತೆಯಿರಲಿಲ್ಲ. ಹಿತ್ತಲ ಬೇಲಿಯ ಹತ್ತಿರ ನಿಂತಿದ್ದ ಎರಡು ಮರದ ಪೆಟ್ಟಿಗೆಗಳ ಮುಚ್ಚಳ ಹಾರದಿದ್ದರೆ ಸಾಕಾಗಿತ್ತು. ಒಂದೊಂದರ ಮೇಲೂ ಎರಡೆರಡು ಚಪ್ಪಡಿ ಹೇರಿದ್ದಳು. ಆದರೂ ಬೆಳಿಗ್ಗೆ ಐದೂವರೆಗೆ ಎದ್ದವಳು ಮೊದಲು ಹೋಗಿ ನೋಡುತ್ತಿದ್ದುದು ಅವನ್ನೇ. ಒಲೆ ಆಮೇಲೆ, ಕಾಫಿ ಆಮೇಲೆ, ಎಂಟು ಹತ್ತರ ನಂಗವಳ್ಳಿ ಬಸ್ಸು ಆಮೇಲೆ.

ಪೆಟ್ಟಿಗೆಗಳು ಪುಟ್ಟಪ್ಪ ಮಾವನವು. ಪುಟ್ಟಪ್ಪ ಅವಳ ಗಂಡನ ಸೋದರಮಾವ. ಪಕ್ಕದ ಮನೆಯವರು. ರಸ್ತೆ ಅಗಲ ಮಾಡುವಾಗ ಹಳೆಯ ಹುಣಸೆಮರ ಕಡಿಯಲು ಬಂದವರ ಮುಂದೆ ಅರ್ಧ ದಿನ ಕೈಮುಗಿದು ನಿಂತು, ಪೊಟರೆಯೊಳಗಿನ ಜೇನನ್ನು ರಾಣಿ ಸಮೇತ ಪೆಟ್ಟಿಗೆಗೆ ಇಳಿಸಿಕೊಂಡು ಬಂದಿದ್ದರು. ಅದು ತಾಯಿ ಪೆಟ್ಟಿಗೆ. ಎರಡನೆಯದು ಅದರಿಂದ ಒಡೆದು ಮಾಡಿದ್ದು, ಮಗಳು ಪೆಟ್ಟಿಗೆ. ಆಡಿಗೆ ಮುಂಚಿನ ಆನಿ ತಿಂಗಳಲ್ಲಿ ಇನ್ನೊಂದು ಹಿಂಡನ್ನು ಹಿಡಿಯಲು ಏಣಿ ಹತ್ತಿದವರು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಸೇಲಂನ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಆಂಬುಲೆನ್ಸ್ ಹತ್ತಿಸುವಾಗ ಅವರು ಹಿಡಿದುಕೊಂಡಿದ್ದು ಭುವನಾಳ ಕೈ.

"ನೀನು ಓದಿದೋಳು. ನಾನು ಬರೋಗಂಟ ಎರಡರಲ್ಲೂ ಉಳ ಇರ್ಲಿ. ಅಷ್ಟೇ."

ಅಷ್ಟೇ ಎಂದುಬಿಟ್ಟಿದ್ದರು. ಧರ್ಮಪುರಿಯಲ್ಲಿ ಸಸ್ಯಶಾಸ್ತ್ರದ ಬಿಎಸ್ಸಿ ಮಾಡಿ, ನಂಗವಳ್ಳಿಯ ಶಾಲೆಯಲ್ಲಿ ಎಂಟನೇ ತರಗತಿಗೆ ತಮಿಳಿನಲ್ಲಿ ವಿಜ್ಞಾನ ಹೇಳಿಕೊಡುವ ಭುವನಾಗೆ ಜೇನುಪೆಟ್ಟಿಗೆಯ ಮುಚ್ಚಳ ತೆಗೆದೇ ಗೊತ್ತಿರಲಿಲ್ಲ. ಆದರೆ ನೋಡುವುದು ಅವಳಿಗೆ ಗೊತ್ತಿತ್ತು. ಹಾಲು ಉಕ್ಕುವ ಮುಂಚೆ, ಅತ್ತೆಯ ಕೆಮ್ಮು ಬದಲಾಗುವ ಮುಂಚೆ, ಮಗುವೊಂದು ಅಳುವ ಮುಂಚೆ ಅವಳಿಗೆ ಕಾಣುತ್ತಿತ್ತು. ಆ ಗುಣವೇ ಅವಳನ್ನು ದಣಿಸಿದ್ದೂ ಹೌದು.

ಆಡಿಯ ಆರನೇ ದಿನ ಅವಳು ಕಂಡಿದ್ದು ಇದು: ಒಳಗೆ ಬರುವ ಹುಳಗಳ ಕಾಲು ಖಾಲಿ. ಮೊದಲೆಲ್ಲ ಹಿಂಗಾಲಿಗೆ ಹಳದಿ ಉಂಡೆ ಅಂಟಿಸಿಕೊಂಡು, ಭಾರಕ್ಕೆ ಓಲಾಡುತ್ತ ಇಳಿಯುತ್ತಿದ್ದವು. ಈಗ ಬರಿಗಾಲಲ್ಲಿ ಬರುತ್ತಿದ್ದವು. ಸುತ್ತ ಕಣ್ಣು ಹಾಯಿಸಿದಷ್ಟೂ ಮರಗೆಣಸು. ಸಾಬಕ್ಕಿ ಮಾಡುವ ಜವ್ವರಿಸಿ ಮಿಲ್ಲಿಗೆ ಹೋಗುವ ಗೆಣಸು. ಎಲೆಯೇನೋ ಅಂಗೈ ಬಿಚ್ಚಿದ ಹಾಗೆ ಸೊಂಪಾಗಿತ್ತು, ಹೂವು ಮಾತ್ರ ಇರಲಿಲ್ಲ. ಬೇವು ಮುಗಿದಿತ್ತು. ಉಳಿದ ಕಳೆಹೂವನ್ನು ಗಾಳಿ ಒಣಗಿಸಿತ್ತು.

ಮಗರಂದಂ ಇಲ್ಲ, ಎಂದುಕೊಂಡಳು. ತಮಿಳಿನಲ್ಲಿ ಹೂವಿನ ಪುಡಿಗೆ ಅದೇ ಹೆಸರು. ಹಿಂದಿನ ವಾರವಷ್ಟೇ ಕರಿಹಲಗೆಯ ಮೇಲೆ ಆ ಪದ ಬರೆದು ಅಡಿಗೆರೆ ಎಳೆದಿದ್ದಳು.

ಕರ್ನಾಟಕದ ಕಡೆ ಲಾರಿ ಓಡಿಸುವ ಗಂಡ ಮುನಿರಾಜು ಒಂದು ವೀಡಿಯೊ ಕಳಿಸಿದ್ದ. 'ನಮ್ಮ ಭಾಷೆಯೋರೇ ಏಳವ್ರೆ, ನೋಡು' ಎಂದು ದನಿ ಸೇರಿಸಿದ್ದ. ಭುವನಾಗೆ ಕನ್ನಡ ಅಕ್ಷರ ಬಾರದು. ಅವಳ ಮನೆಯಲ್ಲಿ ಯಾರಿಗೂ ಬಾರದು. ಆದರೆ ಮಾತು ಬಂದೇ ಬರುತ್ತದಲ್ಲ. ಒಲೆಯ ಪಕ್ಕದ ಗೂಡಿನಲ್ಲಿ ಫೋನ್ ನಿಲ್ಲಿಸಿ, ಕೆಲಸ ಮಾಡುತ್ತ ಕೇಳಿದಳು. ಆ ಮನುಷ್ಯನ ಕನ್ನಡ ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. ಅರ್ಧ ಅರ್ಥವಾಗದಿದ್ದರೂ ಕೇಳಲು ಹಿತವಾಗಿತ್ತು. "ಮಕರಂದ ದೊರೆಯದ ದಿನಗಳಲ್ಲಿ ಸಕ್ಕರೆ ಪಾಕ ಕೊಡಿ. ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು. ದಿನ ಬಿಟ್ಟು ದಿನ."

ಮಕರಂದ. ಪದ ಕಿವಿಗೆ ಬಿದ್ದದ್ದೇ ಅವಳ ಎದೆಯ ಭಾರ ಇಳಿಯಿತು. ಈ ಒಂದು ಪದವಾದರೂ ಎರಡು ಭಾಷೆಯಲ್ಲೂ ಒಂದೇ, ಎಂದುಕೊಂಡಳು.

ಪಾಕ ಮಾಡಿದಳು, ಆರಿಸಿದಳು, ತೆಂಗಿನ ಚಿಪ್ಪಿನಲ್ಲಿ ಹುಯ್ದು, ಹುಳ ಮುಳುಗದಂತೆ ಹುಲ್ಲುಕಡ್ಡಿ ತೇಲಿಬಿಟ್ಟು ಒಳಗಿಟ್ಟಳು. ಅತ್ತೆ ಸಿದ್ದಲಕ್ಷ್ಮಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಿದ್ದರು. ಪುಟ್ಟಪ್ಪನ ತಂಗಿ ಅವರು. ಅಣ್ಣನ ಪೆಟ್ಟಿಗೆಗಳ ಮೇಲೆ ಅವರಿಗೆ ಅರ್ಧ ಹೊಟ್ಟೆಕಿಚ್ಚು, ಅರ್ಧ ಭಯ.

"ನನ್ನ ಕಾಪಿಗೆ ಅರ್ಧ ಚಮಚ. ಸುಗರು ಅಂತೀಯ. ಉಳಗಳಿಗೆ ಲೋಟ ಲೋಟ."

"ಅವಕ್ಕೆ ಸುಗರ್ ಬರಲ್ಲ ಅತ್ತೆ."

"ಬಂದ್ರೆ ಯಾವ ಡಾಕ್ಟ್ರತ್ರ ಓಗ್ತೀಯ, ನೋಡ್ತೀನಿ."

ಭಾನುವಾರ ಪುಟ್ಟಪ್ಪನ ಮಗಳು ಸಂಗೀತಾಳ ಫೋನಿನಿಂದ ಕರೆ ಬಂತು. ಸಂಗೀತಾಳ ಗಂಡನ ಮನೆಯವರು ಸೇಲಂನಲ್ಲಿ ಮಗ್ಗದ ಕೆಲಸದವರು. ತಂದೆಯ ಜೊತೆ ಆಸ್ಪತ್ರೆಯಲ್ಲಿ ಇದ್ದವಳು ಅವಳೇ. "ಅಕ್ಕ, ಉಳದ ಮಾತು ಜಾಸ್ತಿ ಎತ್ತಬೇಡ. ಎದ್ದು ಬತ್ತೀನಿ ಅಂತ ಕಾಲು ಇಳಿಸ್ತಾರೆ" ಎಂದು ಮೊದಲೇ ಪಿಸುಗುಟ್ಟಿ ಫೋನ್ ಕೊಟ್ಟಳು.

ಪುಟ್ಟಪ್ಪನಿಗೆ ಕಿವಿ ಮಂದ. ಹಾಗಾಗಿ ಕೂಗಿ ಮಾತಾಡುತ್ತಾರೆ, ಉತ್ತರ ಪೂರ್ತಿ ಕೇಳುವುದಿಲ್ಲ.

"ಭುವನಾ, ಇಟ್ಟು ಬರ್ತೈತಾ?"

ಅವಳಿಗೆ ನಗು ಬಂತು. ಹದಿನಾಲ್ಕು ವರ್ಷದ ಹಳೆಯ ತಮಾಷೆ ಅದು. ಅದಿಯಮಾನ್‌ಕೋಟೆಯ ಕಡೆಯಿಂದ ಮದುವೆಯಾಗಿ ಬಂದಾಗ ಅವಳಿಗೆ ರಾಗಿ ಹಿಟ್ಟು ಕೂಡಿಸಲು ಬರುತ್ತಿರಲಿಲ್ಲ. ತವರಲ್ಲಿ ಅದನ್ನು ಮುದ್ದೆ ಅನ್ನುತ್ತಿದ್ದರು, ಅಮ್ಮನೇ ಮಾಡುತ್ತಿದ್ದಳು. ಇಲ್ಲಿ ಅದು ಇಟ್ಟು. ಅವಳು ಮಾಡಿದ ಮೊದಲ ಇಟ್ಟಿನಲ್ಲಿ ಗಂಟುಗಳು ಗೋಲಿಯ ಹಾಗೆ ಸಿಕ್ಕಿದ್ದವು. ಪಂಕ್ತಿಯಲ್ಲಿ ಕೂತಿದ್ದ ಪುಟ್ಟಪ್ಪ ಒಂದು ಗಂಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ್ದರು. ಅಂದಿನಿಂದ ಎಲ್ಲಿ ಕಂಡರೂ ಅದೇ ಪ್ರಶ್ನೆ. ಭುವನಾ, ಇಟ್ಟು ಬರ್ತೈತಾ?

"ಬರ್ತೈತೆ ಮಾವ. ಚೆನ್ನಾಗಿ ಬರ್ತೈತೆ."

"ಎರಡೂ ಒತ್ತು?"

"ಎರಡೂ ಒತ್ತು ಮಾವ."

"ಅಂಗಾದ್ರೆ ಸರಿ." ಅವರ ದನಿಯಲ್ಲಿ ಎಂಥ ನೆಮ್ಮದಿಯಿತ್ತೆಂದರೆ, ಒಂದು ತಮಾಷೆಗೆ ಅಷ್ಟು ನೆಮ್ಮದಿ ಯಾಕೆ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ಅಷ್ಟರಲ್ಲಿ ಕುಕ್ಕರ್ ಕೂಗಿತು.

ಮುಂದಿನ ಭಾನುವಾರವೂ ಅದೇ ಪ್ರಶ್ನೆ, ಅದೇ ಉತ್ತರ.

ಪಾಕ ಇಟ್ಟ ಮೇಲೆ ಪೆಟ್ಟಿಗೆಗಳಲ್ಲಿ ಸದ್ದು ಹೆಚ್ಚಿತು. ಧೈರ್ಯ ಮಾಡಿ ಎರಿ ಕಟ್ಟಿದ ಒಂದು ಹಲಗೆ ಎತ್ತಿ ನೋಡಿದಳು. ರಾಣಿ ಒಂದೊಂದು ಕೋಣೆಗೂ ಮೊಟ್ಟೆ ಇಡುತ್ತ ಹೋಗಿತ್ತು, ಅಕ್ಕಿನುಚ್ಚು ನಿಲ್ಲಿಸಿದ ಹಾಗೆ. ಗೆದ್ದೆ ಎಂದುಕೊಂಡಳು. ಆಡಿಯ ಹದಿನೆಂಟನೇ ದಿನ, ಪೆರುಕ್ಕು ಹಬ್ಬಕ್ಕೆ ಊರೆಲ್ಲ ಮೇಟೂರಿನ ಹೊಳೆಗೆ ಹೋದಾಗ ಅವಳೂ ಹೋಗಿ, ಮಂಗಳಸೂತ್ರದ ದಾರ ಬದಲಿಸಿಕೊಂಡು ಬಂದಳು. ಬಹಳ ದಿನಗಳ ಮೇಲೆ ಬಸ್ಸಿನ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದಳು.

ಎರಡು ದಿನ ಕಳೆದ ಮೇಲೆ ಬೆಳಿಗ್ಗೆ ತಾಯಿ ಪೆಟ್ಟಿಗೆಯ ಬಾಗಿಲಲ್ಲಿ ಬಿಳಿಯ ಮರಿಗಳು ಬಿದ್ದಿದ್ದವು. ಹುಳಗಳೇ ಅವನ್ನು ಎಳೆದು ತಂದು ಹೊರಗೆ ಎಸೆಯುತ್ತಿದ್ದವು. ಕೆಲವು ಅರ್ಧ ಇದ್ದವು, ಹೀರಿ ಬಿಟ್ಟ ಸಿಪ್ಪೆಯ ಹಾಗೆ. ಕೆಳಗೆ ಇರುವೆಗಳು ಸಾಲುಗಟ್ಟಿದ್ದವು. ಮಾರನೆಯ ದಿನ ಮಗಳು ಪೆಟ್ಟಿಗೆಯಲ್ಲೂ ಹಾಗೆಯೇ.

ಗೆಣಸಿಗೆ ಹೊಡೆದ ಔಷಧಿ ಇರಬಹುದೇ ಎಂದು ಅಕ್ಕಪಕ್ಕದ ಹೊಲದವರನ್ನೆಲ್ಲ ಕೇಳಿದಳು. ಯಾರೂ ಹೊಡೆದಿರಲಿಲ್ಲ. ತನ್ನ ಕೈಯ ಸೋಪಿನ ವಾಸನೆ ಇರಬಹುದೇ ಎಂದು ಬೂದಿಯಿಂದ ಕೈ ತೊಳೆದಳು. ದೋಷ ಎಲ್ಲಿದೆ ಎಂದು ಹುಡುಕುವಾಗ ಅವಳು ತನ್ನಿಂದಲೇ ಶುರುಮಾಡುತ್ತಿದ್ದಳು, ಆದರೂ ಪಾಕದ ಚಿಪ್ಪಿನ ಮೇಲೆ ಅನುಮಾನ ಬರಲಿಲ್ಲ. ಮರಿ ಬಿದ್ದಷ್ಟೂ ಪಾಕ ಜಾಸ್ತಿ ಮಾಡಿದಳು.

ಕೊನೆಗೆ ಅರುಣಾಚಲಂಗೆ ಫೋನ್ ಮಾಡಿದಳು. ಏರ್ಕಾಡ್ ಬೆಟ್ಟದ ಕಾಫಿ ತೋಟಗಳಲ್ಲಿ ಪೆಟ್ಟಿಗೆ ಇಡುವ ತಮಿಳರವರು, ಪುಟ್ಟಪ್ಪನಿಗೆ ಖಾಲಿ ಪೆಟ್ಟಿಗೆ ತಂದುಕೊಟ್ಟವರು. ಭಾನುವಾರ ಮೊದಲ ಬಸ್ಸಿಗೆ ಬೆಟ್ಟ ಇಳಿದು, ಹತ್ತು ಗಂಟೆಗೆ ಬಂದರು. ಮುಖಕ್ಕೆ ಜಾಲರಿಯಿಲ್ಲ, ಏನಿಲ್ಲ. ಕೊಡವಿದ ಟವಲನ್ನು ತಲೆಗೆ ಸುತ್ತಿಕೊಂಡು ಹಲಗೆ ಎತ್ತಿದರು. ಬಿಸಿಲಿಗೆ ಹಿಡಿದರು. ತಿರುಗಿಸಿ ಇನ್ನೊಂದು ಬದಿಯನ್ನೂ ನೋಡಿದರು. ಆಮೇಲೆ ತಮಿಳಿನಲ್ಲೇ ಕೇಳಿದರು.

"ತೇನ್ ನಿರಯ ಇರುಕ್ಕು. ಸಾಪ್ಪಾಡು ಎಂಗೇಮ್ಮಾ?"

ಜೇನು ಬೇಕಾದಷ್ಟಿದೆ, ಊಟ ಎಲ್ಲಿ? ಭುವನಾಗೆ ಅರ್ಥವಾಗಲಿಲ್ಲ. ಅವರು ಮರಿಗಳ ಸುತ್ತಲಿನ ಕೋಣೆಗಳನ್ನು ಬೆರಳಿಂದ ತೋರಿಸಿದರು. ಇಲ್ಲಿ ಹೂವಿನ ಪುಡಿ ತುಂಬಿರಬೇಕಿತ್ತು. ಹುಳ ಹಾರಾಡುವುದು ಜೇನಿನ ಬಲದಲ್ಲಿ, ಆದರೆ ಮರಿ ಬೆಳೆಯುವುದು ಆ ಪುಡಿಯಿಂದ. ಪಾಕ ಕುಡಿದ ಹುಳಗಳು ಹೂವಿನ ಕಾಲ ಬಂತೆಂದು ತಿಳಿದವು, ರಾಣಿ ಮೊಟ್ಟೆ ಇಟ್ಟಿತು, ಮರಿ ಆದವು. ತಿನ್ನಿಸಲು ಪುಡಿಯಿಲ್ಲ. ಸಾಕಲಾರದ ಮರಿಗಳನ್ನು ಅವೇ ತಿಂದವು, ಉಳಿದವನ್ನು ಎಸೆದವು.

"ವೆರುಂ ಪಾಯಸಂ ಊತ್ತಿನಾ ಪುಳ್ಳೆ ವಳರುಮಾ ಟೀಚರ್? ಮಗರಂದಂ ಇಲ್ಲೇನ್ನಾ ಮಾವು ಕುಡುಕ್ಕಣುಂ."

ಬರೀ ಪಾಯಸ ಹುಯ್ದರೆ ಮಗು ಬೆಳೆಯುತ್ತದಾ ಎಂಬುದು ತಿಳಿಯಿತು. ಮಗರಂದ ಇಲ್ಲದಿದ್ದರೆ ಹಿಟ್ಟು ಕೊಡಬೇಕು ಎಂದದ್ದು ತಿಳಿದರೂ ಅವಳು ಒಪ್ಪಲಿಲ್ಲ. "ಇಲ್ಲ ಸಾರ್. ಮಗರಂದಕ್ಕೆ ಸಕ್ಕರೆ ಅಂತಲೇ ಹೇಳಿದ್ದಾರೆ. ನಾನು ನಾಲ್ಕು ಸಲ ಕೇಳಿದ್ದೇನೆ" ಎಂದು ತಮಿಳಿನಲ್ಲೇ ಹೇಳಿ, ಫೋನ್ ತಂದು ವೀಡಿಯೊ ಹಾಕಿದಳು.

ಅರುಣಾಚಲಂಗೆ ಕನ್ನಡ ಒಂದಕ್ಷರವೂ ಬಾರದು. ಹಾಗಾಗಿ ಅವರು ಕೇಳಲಿಲ್ಲ, ನೋಡಿದರು. ವೀಡಿಯೊದ ಮನುಷ್ಯ 'ಮಕರಂದ' ಎನ್ನುವಾಗ ಒಂದು ಹೂವನ್ನು ಸೀಳಿ, ಬುಡದಲ್ಲಿ ಮಿನುಗುವ ಹನಿಯನ್ನು ಬೆರಳಿಂದ ತೋರಿಸುತ್ತಿದ್ದ. ಆಮೇಲೆ ಹುಳದ ಕಾಲಿನ ಹಳದಿ ಉಂಡೆ ತೋರಿಸಿ ಬೇರೊಂದು ಪದ ಹೇಳಿದ. ಪರಾಗ. ಅದು ಸಿಗದಿದ್ದರೆ ಕಡಲೆ ಹಿಟ್ಟು ಕೊಡಿ ಎಂದೂ ಹೇಳಿದ. ಆ ಪದವನ್ನು ಅವಳು ನಾಲ್ಕು ಸಲವೂ ಕೇಳಿದ್ದಳು, ಯಾವುದೋ ಔಷಧಿಯ ಹೆಸರೆಂದುಕೊಂಡು ದಾಟಿದ್ದಳು.

"ಇವರ್ ತೇನೈತಾನೇ ಕಾಟ್ಟುರಾರು" ಎಂದರು ಅರುಣಾಚಲಂ. ಇವರು ತೋರಿಸುತ್ತಿರುವುದು ಸಿಹಿಯನ್ನಲ್ಲವೇ.

ಭುವನಾ ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತಳು. ತಮಿಳಿನ ಮಗರಂದ ಪುಡಿ. ಕನ್ನಡದ ಮಕರಂದ ರಸ. ಎರಡು ಭಾಷೆ ಬರುತ್ತದೆಂಬ ಧೈರ್ಯದಲ್ಲಿ ಅವಳು ಚಿತ್ರ ನೋಡಿರಲಿಲ್ಲ. ಒಂದೇ ಭಾಷೆಯವಳಾಗಿದ್ದರೆ ನೋಡಿರುತ್ತಿದ್ದಳು.

ಬಾಗಿಲಲ್ಲಿದ್ದ ಸಿದ್ದಲಕ್ಷ್ಮಮ್ಮನಿಗೆ ತಮಿಳು ಚೆನ್ನಾಗಿಯೇ ಅರ್ಥವಾಗಿತ್ತು. "ಒಟ್ಟೆಗೆ ಇಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾಯ್ತು" ಎಂದರು. ಆಮೇಲೆ, ಹಾಗೆಂದದ್ದೇ ಏನೋ ನೆನಪಾದವರಂತೆ, ದನಿ ತಗ್ಗಿಸಿದರು. "ಅಲ್ಲ ಕಣೆ, ಅದ್ಕೇ ಅಲ್ವಾ ನಮ್ಮಣ್ಣ ವಾರವಾರ ಕೇಳ್ತಿದ್ದುದು."

"ಏನು?"

"ಇಟ್ಟು ಬರ್ತೈತಾ ಅಂತ. ಉಳದ ಕಾಲಿನ ಅಳದಿಗೆ ಅವ್ನು ಇಟ್ಟು ಅಂತಲೇ ಅನ್ನೋದು. ನೀನು ಬರ್ತೈತೆ, ಎರಡೂ ಒತ್ತು ಬರ್ತೈತೆ ಅಂತಿದ್ದೆ. ನಿಂಗೆ ಗೊತ್ತಿತ್ತು ಅಂದ್ಕಂಡೆ."

ಅಂಗಾದ್ರೆ ಸರಿ ಎಂದಿದ್ದ ಆ ದನಿ ಭುವನಾಳ ಕಿವಿಯಲ್ಲಿ ಹಾಗೇ ಇತ್ತು.

ಅರುಣಾಚಲಂ ಪಾಕದ ಚಿಪ್ಪುಗಳನ್ನು ತೆಗೆದರು. ಹುರಿಗಡಲೆಯನ್ನು ನುಣ್ಣಗೆ ಬೀಸಿ ಜೇನಿನಲ್ಲಿ ಕಲಸಿ ಬಿಲ್ಲೆ ತಟ್ಟಿಡಲು ಹೇಳಿದರು. ಅದು ಹೂವಿನ ಪುಡಿಗೆ ಸಮವಲ್ಲ, ಇಲ್ಲದಿದ್ದಕ್ಕಿಂತ ವಾಸಿ ಅಷ್ಟೇ ಎಂದೂ ಹೇಳಿದರು. ಹೋಗುವಾಗ ಬೇಲಿಯಾಚೆ ಕೈ ತೋರಿಸಿ ಕೇಳಿದರು, ಅಲ್ಲಿ ದೂರದಲ್ಲಿ ಕಾಣುವುದು ಯಾರ ಜೋಳ?

ಅದು ಚಿನ್ನಕ್ಕನ ಮುಸುಕಿನ ಜೋಳ. ಆಗಷ್ಟೇ ತಲೆಯಲ್ಲಿ ಕುಂಚ ಬಿಚ್ಚುತ್ತಿತ್ತು. ಜೋಳದ ಹೂವಿನಲ್ಲಿ ಸಿಹಿಯಿಲ್ಲ, ಪುಡಿಯಿದೆ. ಆದರೆ ಈ ಗಾಳಿಗೆ ಸೋತ ಹುಳಗಳು ಅಷ್ಟು ದೂರ ಹೋಗಿ ಬರಲಾರವು.

ಆ ಸಂಜೆ ಪುಟ್ಟಪ್ಪನ ಕರೆ ಬಂತು. ಫೋನ್ ಗೂಡಿನಲ್ಲಿ ನಡುಗುತ್ತ ನಡುಗುತ್ತ ಅಂಚಿಗೆ ಸರಿಯಿತು. ಭುವನಾ ಹುರಿಗಡಲೆ ಜರಡಿ ಹಿಡಿಯುತ್ತಿದ್ದಳು. ಎತ್ತಲಿಲ್ಲ.

ಮಾರನೆಯ ಬೆಳಿಗ್ಗೆ, ಗಾಳಿ ಏಳುವ ಮುಂಚೆ, ಅಗಲದ ತಟ್ಟೆ ಹಿಡಿದು ಜೋಳದ ಹೊಲಕ್ಕೆ ಹೋದಳು. ಒಂದೊಂದು ಕುಂಚವನ್ನೂ ಬಗ್ಗಿಸಿ ತಟ್ಟೆಯ ಮೇಲೆ ತಟ್ಟಿದಳು. ನೂರು ಗಿಡಕ್ಕೆ ಒಂದು ಚಮಚ ಬಂತು. ತಿಳಿಹಳದಿ, ಮೂಗಿಗೆ ಹಿಡಿದರೆ ಹಸಿ ವಾಸನೆ. ಎಲೆಯ ಅಂಚು ತೋಳೆಲ್ಲ ಗೀರಿತು. ಹೊಲದ ಚಿನ್ನಕ್ಕ ಬದುವಿನ ಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನ್ ಟೀಚರಮ್ಮ, ತೆನೆ ಬಿಟ್ಟು ಧೂಳು ಕದಿಯಕ್ಕೆ ಬಂದಿದ್ದೀಯ."

"ಮಾವನ ಹುಳಕ್ಕೆ ಅಕ್ಕ. ಕಾಳು ಕಟ್ಟೋದಕ್ಕೆ ಬೇಕಾದಷ್ಟು ಗಿಡದಲ್ಲೇ ಉಳಿಯುತ್ತೆ. ಪ್ರತಿ ಸಾಲಲ್ಲಿ ಅರ್ಧ ಬಿಡ್ತಿದ್ದೀನಿ."

"ತಕ್ಕೊ, ತಕ್ಕೊ. ಗಾಳಿ ಇದಕ್ಕಿಂತ ಜಾಸ್ತಿ ತಕ್ಕೊಂಡೋಗ್ತೈತೆ. ಅದ್ರ ಹತ್ರ ನಾನು ಕೇಳ್ತೀನಾ?" ಎಂದಳು. ಸ್ವಲ್ಪ ಹೊತ್ತು ನೋಡಿ, ತಾನೂ ಸೆರಗಿನಲ್ಲಿ ನಾಲ್ಕು ಕುಂಚ ತಟ್ಟಿಕೊಂಡು ಬಂದು ತಟ್ಟೆಗೆ ಕೊಡವಿದಳು. "ನಿಮ್ಮ ಮಾವ ಬಂದ್ಮೇಲೆ ಏಳು, ಇದು ಚಿನ್ನಕ್ಕನ ಸೆರಗಿನದು ಅಂತ."

ಮೂರು ದಿನ ಹೀಗೆಯೇ ನಡೆಯಿತು. ಬೆಳಿಗ್ಗೆ ಜೋಳ, ಆಮೇಲೆ ಅಡಿಗೆ, ಬಸ್ಸು, ಶಾಲೆ, ಸಂಜೆ ಆ ಪುಡಿ ಬೆರೆಸಿದ ಬಿಲ್ಲೆ. ಸಿದ್ದಲಕ್ಷ್ಮಮ್ಮ ಕೇಳದೆಯೇ ಹಿಟ್ಟು ಕಲಸಿಕೊಟ್ಟರು. ಕೈ ನೆನೆಸಿಕೊಂಡು, ಇಟ್ಟು ಉಂಡೆ ಮಾಡುವ ಹಾಗೆಯೇ, ಕಾಸಿನಷ್ಟಗಲ ತಟ್ಟಿದರು. ತರಗತಿಯಲ್ಲಿ ಮಗುವೊಂದು ಪರಾಗಸ್ಪರ್ಶದ ಪಾಠವನ್ನು ಮಗರಂದಚ್ಚೇರ್ಕ್ಕೈ ಎಂದು ಗಟ್ಟಿಯಾಗಿ ಓದಿದಾಗ ಭುವನಾಳ ಕೈಯ ಸೀಮೆಸುಣ್ಣ ನಿಂತಿತು.

ಬುಧವಾರ ಅವಳು ಶಾಲೆಯಿಂದ ಬಂದಾಗ ಸಿದ್ದಲಕ್ಷ್ಮಮ್ಮ ಹಿತ್ತಲಲ್ಲಿ ನಿಂತಿದ್ದರು. ಕೈಯಲ್ಲಿ ಹಿತ್ತಾಳೆ ತಟ್ಟೆ, ಒಂದು ಸೌಟು. ತಲೆಗೂದಲು ಕೆದರಿತ್ತು.

"ಎರಡು ಗಂಟೆಗೆ ಎದ್ದೋದ್ವು" ಎಂದರು. "ಒಗೆ ಎದ್ದಂಗೆ. ತಟ್ಟೆ ಬಡಿದೆ. ಬಡಿದ್ರೆ ಕೂತ್ಕತಾವೆ ಅಂತಿದ್ಲು ನಮ್ಮಮ್ಮ. ಗೆಣಸಿನ ಒಲ ದಾಟೋಗಂಟ ಬಡ್ಕೊಂಡೇ ಓದೆ. ಕೂರಲಿಲ್ಲ."

ಭುವನಾ ಮುಚ್ಚಳ ತೆಗೆದಳು. ತಾಯಿ ಪೆಟ್ಟಿಗೆ. ಹಲಗೆಗಳ ಮೇಲೆ ಹಾರಲಾರದ ಹತ್ತಿಪ್ಪತ್ತು ಎಳೆ ಹುಳ ಸುಮ್ಮನೆ ಸುತ್ತುತ್ತಿದ್ದವು. ಬಿಲ್ಲೆಯ ಒಂದು ಅಂಚನ್ನು ಯಾವುದೋ ಕಚ್ಚಿತ್ತು, ಅಷ್ಟೇ. ಜೇನನ್ನು ಮಾತ್ರ ಪೂರ್ತಿ ಹೀರಿಕೊಂಡು, ದಾರಿಯ ಬುತ್ತಿ ಕಟ್ಟಿಕೊಂಡು ಹೋಗಿದ್ದವು. ಅವಳು ಕೊಟ್ಟ ಸಕ್ಕರೆಯೇ ಆ ಬುತ್ತಿ.

ಸಿದ್ದಲಕ್ಷ್ಮಮ್ಮ ತಟ್ಟೆಯನ್ನು ಗೋಡೆಗೆ ಒರಗಿಸಿದರು. "ಕಾಪಿ ಮಾಡ್ತೀನಿ. ಸಕ್ರೆ ಆಕ್ಲಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಅದರಲ್ಲಿ ಕುಹಕ ಇರಲಿಲ್ಲ.

ಮಗಳು ಪೆಟ್ಟಿಗೆಯಲ್ಲಿ ಹುಳ ಇನ್ನೂ ಇದ್ದವು. ಸದ್ದು ಕಡಿಮೆಯಾಗಿತ್ತು, ಆದರೆ ಇತ್ತು. ಭುವನಾ ಅದನ್ನು ಇಬ್ಬರ ಸಹಾಯದಿಂದ ಹೊತ್ತು, ಕತ್ತಲಾದ ಮೇಲೆ ಚಿನ್ನಕ್ಕನ ಜೋಳದ ಬದುವಿಗೆ ಸಾಗಿಸಿದಳು. ಹುಳ ದೂರ ಹೋಗಲಾರದಿದ್ದರೆ ಪೆಟ್ಟಿಗೆಯೇ ಹೋಗಬೇಕು. ಇದು ಮೊದಲ ದಿನವೇ ಹೊಳೆಯಬೇಕಿತ್ತು. ತಾಯಿ ಪೆಟ್ಟಿಗೆಯಲ್ಲಿ ಹುಳ ಇದ್ದಾಗಲೇ ಹೊಳೆಯಬೇಕಿತ್ತು.

ಭಾನುವಾರ ಬೆಳಿಗ್ಗೆ ಅವಳು ಬದುವಿನ ಮೇಲೆ, ಪೆಟ್ಟಿಗೆಯಿಂದ ಮೂರು ಮೊಳ ದೂರದಲ್ಲಿ ಕೂತು, ತಾನೇ ಸಂಗೀತಾಗೆ ಫೋನ್ ಮಾಡಿದಳು.

"ಅಕ್ಕ, ಓದ ವಾರ ಯಾಕೆ ಎತ್ಲಿಲ್ಲ? ಅಪ್ಪ ರಾತ್ರಿಯೆಲ್ಲ—"

"ಮಾವನಿಗೆ ಕೊಡು ಸಂಗೀತಾ. ಹುಳದ ಮಾತೇ ಆಡ್ತೀನಿ. ಅವರ ಕಾಲು ಹಿಡ್ಕೊ."

ಅತ್ತ ಮಂಚದ ಕಬ್ಬಿಣ ಕಿರುಗುಟ್ಟಿತು. "ಭುವನಾ, ಇಟ್ಟು ಬರ್ತೈತಾ?"

ಅವಳು ಮೊದಲೇ ಜೋಡಿಸಿಟ್ಟುಕೊಂಡಿದ್ದ ಮಾತುಗಳಿದ್ದವು. ಮಗರಂದ, ಮಕರಂದ, ವೀಡಿಯೊ, ಎಲ್ಲ. ಆದರೆ ಮಂದ ಕಿವಿಗೆ ಅಷ್ಟು ಉದ್ದದ ಮಾತು ಹೋಗುವುದಿಲ್ಲ. ಕೂಗಿ ಹೇಳಬೇಕು, ಕೂಗಿ ಹೇಳುವಷ್ಟು ಚಿಕ್ಕದಾಗಿ ಹೇಳಬೇಕು.

"ಬರ್ತಿರಲಿಲ್ಲ ಮಾವ. ನಾನು ಬರ್ತೈತೆ ಅಂದೆ. ನೀವು ರಾಗಿ ಇಟ್ಟು ಕೇಳ್ತಿದ್ದೀರ ಅಂದ್ಕೊಂಡೆ. ಸಕ್ಕರೆ ಕೊಟ್ಟೆ. ಮರಿ ಸತ್ತವು. ತಾಯಿ ಪೆಟ್ಟಿಗೆ ಖಾಲಿ. ಬುಧವಾರ ಎದ್ದು ಹೋದವು."

ಆ ಕಡೆ ಆಸ್ಪತ್ರೆಯ ಯಾವುದೋ ಟ್ರಾಲಿ ಉರುಳಿ ಹೋಯಿತು. ಕೇಳಿಸಿತೋ ಇಲ್ಲವೋ ಎಂದು ಅವಳು ಮತ್ತೊಮ್ಮೆ ಕೂಗಲು ಬಾಯಿ ತೆರೆದಳು.

"ಕೇಳಿಸ್ತು" ಎಂದರು ಪುಟ್ಟಪ್ಪ. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಆಮೇಲೆ, "ಯಾವ ದಿಕ್ಕಿಗೆ ಓದ್ವು?"

"ಬಡಗಣಕ್ಕೆ ಅಂತಾರೆ ಅತ್ತೆ."

"ಊಂ. ಬೆಟ್ಟದ ಕಡೆ." ಮಂಚ ಮತ್ತೆ ಕಿರುಗುಟ್ಟಿತು. "ರಾಗಿ ಇಟ್ಟು ಅಂದ್ಕಂಡಾ?"

"ಊಂ ಮಾವ."

ನಕ್ಕರೋ, ಕೆಮ್ಮಿದರೋ ತಿಳಿಯಲಿಲ್ಲ. "ಇನ್ನೊಂದು?"

"ಐತೆ ಮಾವ. ಚಿನ್ನಕ್ಕನ ಜೋಳದ ಹತ್ರ ಇಟ್ಟಿದ್ದೀನಿ. ಅದರ ಮುಂದೇನೇ ಕೂತಿದ್ದೀನಿ."

"ಅಂಗಾದ್ರೆ ನೋಡಿ ಏಳು. ಇಟ್ಟು ಬರ್ತೈತಾ?"

ಅವಳು ಪೆಟ್ಟಿಗೆಯ ಬಾಗಿಲ ಕಡೆ ತಿರುಗಿದಳು. ಗಾಳಿ ಇನ್ನೂ ಎದ್ದಿರಲಿಲ್ಲ. ಒಂದು ಹುಳ ಇಳಿಯಿತು, ಬರಿಗಾಲು. ಇನ್ನೊಂದು, ಬರಿಗಾಲು. ಮೂರನೆಯದು ಬಾಗಿಲಲ್ಲೇ ಜಾರಿ, ಮತ್ತೆ ಹತ್ತಿ ಒಳಗೆ ಹೋಯಿತು, ಅದಕ್ಕೂ ಏನಿಲ್ಲ. ಆರು, ಏಳು. ಕಣ್ಣು ಉರಿಯುತ್ತಿತ್ತು. ಕಿವಿಗೆ ಒತ್ತಿದ ಫೋನ್ ಬಿಸಿಯಾಗಿತ್ತು. ಆ ಕಡೆ ಮುದುಕನ ಉಸಿರು ಕಾಯುತ್ತಿತ್ತು.

ಹನ್ನೊಂದನೆಯದು ಓಲಾಡುತ್ತ ಬಂತು.

"ಒಂದು ಬಂತು ಮಾವ. ಎರಡೂ ಕಾಲಲ್ಲಿ ಐತೆ."

"ಬಣ್ಣ?"

"ತಿಳಿಹಳದಿ. ಕಡಲೆಹಿಟ್ಟಿನ ಹಾಗೆ."

"ಜೋಳದ್ದೇ" ಎಂದರು. "ರುಚಿ ಇಲ್ಲ ಅದ್ರಲ್ಲಿ. ಒಟ್ಟೆ ತುಂಬ್ತೈತೆ." ಆಮೇಲೆ ಹಳೆಯ ದನಿಯಲ್ಲಿ ಕೂಗಿ ಹೇಳಿದರು, "ಇಡಬೇಡ ಫೋನು. ಇನ್ನೊಂದು ಬರೋಗಂಟ ನೋಡು."

ಒಗೆಯದ ಸೀರೆಗಳಿದ್ದವು, ತಿದ್ದದ ಉತ್ತರಪತ್ರಿಕೆಗಳಿದ್ದವು. ಭುವನಾ ಮೊಣಕಾಲಿನ ಮೇಲೆ ಗಲ್ಲವಿಟ್ಟುಕೊಂಡು ಪೆಟ್ಟಿಗೆಯ ಬಾಗಿಲನ್ನೇ ನೋಡುತ್ತ ಕೂತಳು. ಹನ್ನೆರಡನೆಯದು ಬಂತು, ಖಾಲಿ. ಹಾಗೆಂದೇ ಹೇಳಿದಳು.